ಮಾಂತ್ರಿಕೆಯ ಪ್ರೀತಿ

ಐವತ್ತರ ವಿಧವೆ ಮಂದಾಕಿನಿ ಬೇರೊಂದು ಹೆಸರಿನಲ್ಲಿ ಅಂತರ್ಜಾಲದಲ್ಲಿ ಕತೆ ಬರೆಯುತ್ತಿದ್ದಳು. ತನ್ನ ಮೆಚ್ಚಿನ ಮಾಯಾಲೋಕದ ಕಾದಂಬರಿಯೊಂದರ ಪಾತ್ರಗಳನ್ನು ಎರವಲು ಪಡೆದು, ಮುನ್ನೂರು ವರ್ಷದ ಮಾಂತ್ರಿಕೆಗೂ ಮೂವತ್ತೈದರ ಸೈನಿಕನಿಗೂ ತನ್ನ ಕತೆಯಲ್ಲಿ ಪ್ರೀತಿ ಹುಟ್ಟಿಸಿದ್ದಳು. ಬರೆಯುತ್ತಿರುವುದು ಅಮ್ಮನೇ ಎಂದು ತಿಳಿಯದ ಮಗಳು ಚಿನ್ಮಯಿ ಪ್ರತಿ ಕಂತನ್ನೂ ಓದುತ್ತಿದ್ದಳು.

“ಇವರಿಬ್ರಿಗೂ ಮದುವೆ ಆಗ್ಲೇಬೇಕಮ್ಮ. ವಯಸ್ಸೇನು ಮಹಾ?”

ಮಂದಾಕಿನಿ ಧೈರ್ಯ ಮಾಡಿ ಹೇಳಿದಳು. “ನಮ್ಮ ಆಫೀಸಿನ ಶ್ರೀವತ್ಸ ನನ್ನನ್ನ ಮದುವೆ ಆಗ್ತೀನಿ ಅಂತಿದಾರೆ. ಮೂವತ್ತೆಂಟು ಅವರಿಗೆ. ನನಗೂ ಇಷ್ಟ ಕಣೇ.”

ಮಗಳ ಮುಖ ಕಪ್ಪಿಟ್ಟಿತು. “ಜನ ನಗ್ತಾರಮ್ಮ. ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?”

ಮರುದಿನ ಮಂದಾಕಿನಿ ಶ್ರೀವತ್ಸನಿಗೆ ಆಗುವುದಿಲ್ಲ ಎಂದಳು. ಕತೆಯ ಕೊನೆಯ ಕಂತಿನಲ್ಲಿ ಮಾಂತ್ರಿಕೆಯೂ ಸೈನಿಕನನ್ನು ಕಳಿಸಿಬಿಟ್ಟಳು.

ಅದನ್ನು ಓದಿದ ಚಿನ್ಮಯಿ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿದಳು. “ಪಾಪ ಅಮ್ಮ, ಅವರನ್ನ ಬೇರೆ ಮಾಡೋಕೆ ಬರೆದೋರಿಗೆ ಮನಸ್ಸಾದ್ರೂ ಹೇಗೆ ಬಂತು?”