ಪಾದ್ರಿಗೆ ಇಟ್ಟ ಹೆಸರು

ಬೆಳಗಿನ ಆರು ಗಂಟೆಗೆ ಪಾದ್ರಿಯ ಜ್ವರ ನೆತ್ತಿಗೇರಿತ್ತು. ಕಾಯಿಲೆ ಕೈಮೀರಿದರೆ ಗುಡ್ಡದ ಆ ಹಾಡಿಯ ಜನ ರೋಗಿಗೆ ಹೊಸ ಹೆಸರಿಡುತ್ತಿದ್ದರು. ಹಳೆಯ ಹೆಸರು ಕೇಳಿಕೊಂಡು ಬರುವ ಸಾವು, ಅಂಥವರು ಇಲ್ಲವೆಂದರೆ ಹಿಂದಿರುಗುತ್ತದೆಂಬುದು ಅವರ ನಂಬಿಕೆ.

ಪಾದ್ರಿಯನ್ನು ತನ್ನ ಗುಡಿಸಲಲ್ಲೇ ಮಲಗಿಸಿಕೊಂಡಿದ್ದ ಮುದುಕಿ ಕೆಂಚಿ ಅವರ ಹಣೆ ಒರೆಸಿದಳು.

“ದೀಕ್ಷಾಸ್ನಾನ ಮಾಡ್ಸಿ ನಂಗೆ ಮಾರ್ತಾ ಅಂತ ಹೆಸರಿಟ್ಟೆಯಲ್ಲ, ಈಗ ನನ್ನ ಸರದಿ. ಇವತ್ತಿಂದ ನೀನು ನನ್ನ ಮಗ ಬೊಳ್ಳ.”

“ಈ ಮೂಢನಂಬಿಕೆ ಬಿಡು ಅಂತ ಎಷ್ಟು ಸಲ ಹೇಳುದು ಮಾರಾಯ್ತಿ?” ಕರಾವಳಿಯ ಪಾದ್ರಿ ನಕ್ಕರು. ಆಮೇಲೆ ಅವರಿಗೆ ಎಚ್ಚರ ತಪ್ಪಿತು.

ಹೊತ್ತೇರುವಾಗ ಬಿಳಿ ಬಟ್ಟೆಯ ಅಪರಿಚಿತನೊಬ್ಬ ಅಂಗಳಕ್ಕೆ ಬಂದ.

“ಫಾದರ್ ಬೆನೆಡಿಕ್ಟ್ ಇಲ್ಲಿದ್ದಾರೇನಮ್ಮ? ಕರ್ಕೊಂಡು ಹೋಗೋಕೆ ಬಂದಿದ್ದೀನಿ.”

ಸಾವು ಇಷ್ಟು ಬೇಗ ಬರುತ್ತದೆಂದು ಕೆಂಚಿ ಎಣಿಸಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು.

“ಆ ಹೆಸರಿನೋರು ಇಲ್ಲಿಲ್ಲ.”

“ಒಳಗೆ ನರಳ್ತಿರೋದು ಯಾರು?”

“ನನ್ನ ಮಗ ಬೊಳ್ಳ. ಕುಡಿದು ಬಿದ್ದವ್ನೆ. ಅವನ ಉಸಾಬರಿ ನಿಂಗ್ಯಾಕೆ? ಮುಂದಿನ ಹಾಡೀಲಿ ಕೇಳ್ಹೋಗು!”

ಮಿಷನ್ ಆಸ್ಪತ್ರೆಯ ಆ ಡಾಕ್ಟರು ಔಷಧಿಯ ಪೆಟ್ಟಿಗೆಯೊಂದಿಗೆ ಮುಂದಿನ ಹಾಡಿಗೆ ಹೋಗಿ, ವಿಚಾರಿಸಿ, ಮರಳಿ ಬರುವಷ್ಟರಲ್ಲಿ ಪಾದ್ರಿ ತೀರಿಕೊಂಡಿದ್ದರು.