ಚಕ್ರದಡಿಯ ನಿಂಬೆಹಣ್ಣು

ಗಂಡ ಮೂರು ತಿಂಗಳಿಂದ ಒಂದೊಂದೇ ಭಾಗ ತರಿಸಿ, ಹಾಲ್‌ನಲ್ಲೇ ಕೂತು ಜೋಡಿಸುತ್ತಿದ್ದ ರೋಡ್ ಬೈಕ್ ಕೊನೆಗೂ ಸೈಕಲ್ಲಿನ ಆಕಾರಕ್ಕೆ ಬಂದಿತ್ತು. ನಾಳೆ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಹೋಗಿಬರುತ್ತೇನೆ ಎಂದು ಅವನು ಹೇಳಿದಾಗಿನಿಂದ ಹೆಂಡತಿ ಒಂದೊಂದನ್ನೇ ವಿಚಾರಿಸುತ್ತಿದ್ದಳು.

"ರೀ, ಕನ್ನಡಿ ಹಾಕಿದ್ರಾ?"

"ಹಾಕಿದೆ."

"ಹಿಂದೆ ಕೆಂಪು ಲೈಟು?"

"ಎರಡು ಹಾಕಿದೀನಿ ಮಾರಾಯ್ತಿ. ಬೆಲ್ಲೂ ಇದೆ. ಇನ್ನು ಛತ್ರಿ ಒಂದು ಬಾಕಿ."

"ಪೂಜೆ?"

"ಸೈಕಲ್ಲಿಗೆ ಎಂಥ ಪೂಜೆಯೇ! ಇದೇನು ಲಾರಿನಾ?"

"ಲಾರಿಯವರಿಗೇ ಭಯ ಇರುವಾಗ ನಿಮಗೆಲ್ಲಿಂದ ಬಂತು ಧೈರ್ಯ?"

ಅವಳು ಸೈಕಲ್ಲನ್ನು ಗೇಟಿನ ಹತ್ತಿರ ತರಿಸಿ, ಹ್ಯಾಂಡಲ್ಲಿಗೆ ಕುಂಕುಮ ಹಚ್ಚಿ, ಹೂ ಸುತ್ತಿ, ಮುಂದಿನ ಚಕ್ರದಡಿ ಗಟ್ಟಿಯಾದ ಒಂದು ನಿಂಬೆಹಣ್ಣು ಇಟ್ಟಳು. "ಇದರ ಮೇಲೆ ಹತ್ತಿಸಿಕೊಂಡು ಹೋಗಿ. ನಾಳೆ ನಿಮಗೆ ಏನೂ ಆಗಲ್ಲ."

ಅವಳ ಸಮಾಧಾನಕ್ಕೆ ಹಣ್ಣಿನ ಮೇಲೆ ಹತ್ತಿಸಿಬಿಡೋಣ ಎಂದು ಅವನು ಹೊಸ ಬೂಟು ಹಾಕಿಕೊಂಡ. ಪೆಡಲಿಗೆ ಕಚ್ಚಿಕೊಂಡು ಕೂರುವ ಬೂಟು ಅದು. ಗೇಟಿನ ಕಂಬ ಹಿಡಿದು ಎರಡೂ ಕಾಲನ್ನು ಪೆಡಲಿಗೆ ಸಿಕ್ಕಿಸಿ, ಕಂಬ ಬಿಟ್ಟು ಜೋರಾಗಿ ತುಳಿದ.

ಹೆಬ್ಬೆರಳಷ್ಟು ಅಗಲದ ಟೈರಿಗೆ ಹಣ್ಣು ಅಪ್ಪಚ್ಚಿಯಾಗಲಿಲ್ಲ, ಉರುಳಿತು. ಬೂಟು ಪೆಡಲನ್ನು ಬಿಡಲಿಲ್ಲ. ಕನ್ನಡಿ, ಲೈಟು, ಬೆಲ್ಲಿನ ಸಮೇತ ಅವನು ರಂಗೋಲಿಯ ಮೇಲೆ ಮಲಗಿದ.

ಡಾಕ್ಟರು ಮುಂಗೈಗೆ ಪ್ಲಾಸ್ಟರ್ ಹಾಕಿ, "ಆರು ವಾರ ಸೈಕಲ್ ಮುಟ್ಟಬೇಡಿ" ಎಂದರು. ಗಂಡ ಹೆಂಡತಿಯನ್ನು ಕೆಕ್ಕರಿಸಿ ನೋಡಿದ.

ಅವಳು ಮೇಲೆ ನೋಡಿ ಕೈಮುಗಿದಳು. "ಪುಣ್ಯಕ್ಕೆ ನಿಂಬೆಹಣ್ಣು ಇಟ್ಟಿದ್ವಿ ಡಾಕ್ಟ್ರೇ, ಇಷ್ಟರಲ್ಲೇ ಹೋಯ್ತು!"