ಶಾಯಿ ಕಾಣದ ಬೆರಳು

"ಓಟು ಹಾಕ್ದೆ ಅಣ್ಣ. ನಂದೂ ಹಾಕ್ದೆ, ನಿಂದೂ ಹಾಕ್ದೆ," ಅಂತ ತಮ್ಮ ಫೋನಿನ ಪರದೆಯಲ್ಲಿ ಎಡಗೈ ಎತ್ತಿ ತೋರಿಸಿದ. ನೌಕಾಪಡೆಯ ಹಡಗಿನ ಎಂಜಿನ್ನಿಗೆ ಎಣ್ಣೆ ಹಾಕುವ ಅಣ್ಣ ಆ ಕೈಯನ್ನೇ ದಿಟ್ಟಿಸಿದ. ತೋರುಬೆರಳಿಗೆ ಶಾಯಿ ಇತ್ತು. ಪಕ್ಕದ ನಡುಬೆರಳು ಬೋಳಾಗಿತ್ತು.

ಸ್ವಂತ ಓಟಿಗೆ ತೋರುಬೆರಳು, ಇನ್ನೊಬ್ಬರ ಪರವಾಗಿ ಹಾಕಿದ ಓಟಿಗೆ ನಡುಬೆರಳು. ಚುನಾವಣಾ ಕಚೇರಿಯವರು ಇದನ್ನು ಇಬ್ಬರಿಗೂ ಬಿಡಿಸಿ ಹೇಳಿದ್ದರು. ಹಡಗು ಹತ್ತುವ ಮೊದಲು ಸಿಕ್ಕಿದ್ದ ನಾಲ್ಕು ದಿನದ ರಜೆಯಲ್ಲಿ ಎರಡು ದಿನ ಅಣ್ಣ ತನ್ನ ಓಟು ತಮ್ಮ ಹಾಕಲಿ ಅನ್ನೋ ಅರ್ಜಿಗೇ ಅಲೆದಿದ್ದ. ಬೀದಿಯ ಆಸ್ಪತ್ರೆ ಕೆಡವಿ ಅಂಗಡಿಸಾಲು ಕಟ್ಟಿಸ್ತೀನಿ ಅಂದ ಅಭ್ಯರ್ಥಿ ಗೆಲ್ಲಬಾರದು ಅನ್ನೋದೊಂದೇ ಅವನ ಹಟ. ಕಿಡ್ನಿ ಕೆಟ್ಟ ಅಮ್ಮನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗ್ತಿದ್ದದ್ದು ಅಲ್ಲೇ.

"ನಡುಬೆರಳಿಗೆ ಹಚ್ಚಲಿಲ್ವೇನೋ?"

"ಹಚ್ಚಿದ್ರು. ಸೋಪು ಹಾಕಿ ತೊಳೆದೆ, ಹೋಯ್ತು."

"ಪಕ್ಕದ ಬೆರಳಿಂದು ಮಾತ್ರ ಹೋಗ್ಲಿಲ್ವಾ?"

ತಮ್ಮ ಪೆಚ್ಚುನಗೆ ನಕ್ಕು ದನಿ ತಗ್ಗಿಸಿದ. "ಎರಡನೇ ಓಟಿಗೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲು ಅಂದ್ರು ಅಣ್ಣ. ಬಿಸಿಲು ನೆತ್ತಿ ಸುಡ್ತಿತ್ತು. ಒಂದು ಓಟು ತಾನೆ, ಬಿಡು."

ಅಷ್ಟರಲ್ಲಿ ಅವನ ಹೆಗಲ ಹಿಂದಿನಿಂದ ಅಮ್ಮ ಇಣುಕಿದಳು. ತೋಳಿನ ಮೇಲೆ ಸೂಜಿ ಚುಚ್ಚಿದ ಕಡೆ ಹತ್ತಿ ಇನ್ನೂ ಅಂಟಿಕೊಂಡಿತ್ತು. "ನೀರಿನ ಮೇಲಿದ್ರೂ ನನ್ನ ಮರೀಲಿಲ್ಲ ನೋಡು ನನ್ನ ಮಗ. ಇಬ್ರೂ ಹಾಕಿದ್ರಲ್ಲ, ಇನ್ನು ನಂಗೆ ಧೈರ್ಯ."

ತಮ್ಮ ಎಡಗೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಎಷ್ಟು ಉಜ್ಜಿದರೂ ಎಣ್ಣೆಗಪ್ಪು ಬಿಡದ ತನ್ನ ಉಗುರುಗಳನ್ನು ಅಣ್ಣ ನೋಡಿಕೊಂಡ.

"ಹೂಂ ಅಮ್ಮ," ಅಂದ. "ಇಬ್ರೂ ಹಾಕಿದೀವಿ."